ಜಮಾಲಬಿ ಡಾಕ್ಟರಿಗೆ ಹೇಳಿದ ಮಾತು

ಮಾಬುಸಾಬನಿಗೆ ಲಕ್ವಾ ಹೊಡೆದು ಎರಡು ತಿಂಗಳಾಗಿತ್ತು. ಸೊಟ್ಟಗಾಗಿದ್ದ ಬಾಯಿ ನೆಟ್ಟಗಾಗಿತ್ತು. ಮಾತು ಸ್ವಲ್ಪ ತೊದಲಿದರೂ ತಿಳಿಯುತ್ತಿತ್ತು. ಬಲಗಾಲು ಎಳೆದು ಹಾಕುತ್ತ, ಕೋಲು ಹಿಡಿದು ಬಚ್ಚಲತನಕ ಹೋಗಿ ಬರುತ್ತಿದ್ದ. ನೋಡಲು ಬಂದವರೆಲ್ಲ, "ಅಗದಿ ಆರಾಮಾಗ್ಯಾನ ಬಿಡ್ರಿ," ಎಂದು ಹೇಳಿ, ಚಾ ಕುಡಿದು ಹೋಗುತ್ತಿದ್ದರು.

ಅವನ ಅಕ್ಕ ಜಮಾಲಬಿಗೆ ಮಾತ್ರ ಎದೆಯೊಳಗಿನ ಅಂಜಿಕೆ ದಿನದಿನಕ್ಕೆ ಹೆಚ್ಚುತ್ತಿತ್ತು.

ನವಲಗುಂದದಲ್ಲಿ ಜಮಖಾನೆ ನೇಯುವವರ ಓಣಿಯಲ್ಲಿ ಅವರ ಮನೆ. ಜಮಾಲಬಿಗೆ ಅರವತ್ತೆರಡು ವರ್ಷ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ತಾಯಿಯ ಮಗ್ಗದ ಮುಂದೆಯೇ ಕುಳಿತು ಜಮಖಾನೆ ನೇಯ್ದು ಬದುಕಿದವಳು. ತಮ್ಮ ಮಾಬುಸಾಬನಿಗೆ ಐವತ್ನಾಲ್ಕು. ಬಸ್ ನಿಲ್ದಾಣದ ಹಿಂದೆ ಅವನದು ಮೋಟರ್ ವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಯವರು ಸುಟ್ಟುಹೋದ ಪಂಪ್‌ಸೆಟ್ ಮೋಟರನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದು ಅವನ ಮುಂದೆ ಇಳಿಸುತ್ತಿದ್ದರು. ಹೆಂಡತಿ ರುಬಿಯಾ, ಡಿಗ್ರಿ ಮುಗಿಸಿದ ಮಗಳು ಜಾಸ್ಮಿನ್. ಮನೆಯಲ್ಲಿ ಇಷ್ಟೇ ಜನ.

ಲಕ್ವಾ ಹೊಡೆದ ದಿನ ಅವನು ಅಂಗಡಿಯಲ್ಲೇ ಬಿದ್ದಿದ್ದ. ಪಾರಿವಾಳದ ರಕ್ತ ತಿಕ್ಕಿಸಿರಿ ಎಂದು ಇಬ್ಬರು ಹೇಳಿದರು. ರುಬಿಯಾ ಯಾರ ಮಾತೂ ಕೇಳದೆ 108ಕ್ಕೆ ಫೋನ್ ಮಾಡಿ ಹುಬ್ಬಳ್ಳಿಗೆ ಒಯ್ದಳು. ಹೊತ್ತಿಗೆ ಸರಿಯಾಗಿ ಮುಟ್ಟಿದ್ದರಿಂದ ಜೀವ ಉಳಿಯಿತು. ಬಿಪಿ ಗುಳಿಗೆ, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಗುಳಿಗೆ, ಕೈಕಾಲಿಗೆ ವ್ಯಾಯಾಮ, ಎಲ್ಲ ಬರೆದುಕೊಟ್ಟು ಮನೆಗೆ ಕಳಿಸಿದರು.

ಮನೆಗೆ ಬಂದ ಮೊದಲ ಮೂರು ವಾರ ಮಾಬುಸಾಬ ಹೇಳಿದಂತೆ ಮಾಡಿದ. ಆಮೇಲೆ ಒಂದೊಂದಾಗಿ ಬಿಡುತ್ತ ಬಂದ. ಮೊದಲು ರಬ್ಬರ್ ಚೆಂಡು ಹಿಚುಕುವುದನ್ನು ಬಿಟ್ಟ. ಆಮೇಲೆ ಗಡ್ಡ ಮಾಡಿಸಿಕೊಳ್ಳುವುದನ್ನು ಬಿಟ್ಟ. ಶುಕ್ರವಾರ ನಮಾಜಿಗೆ ಕರೆಯಲು ಬಂದ ಗೆಳೆಯರಿಗೆ ಮುಖ ತೋರಿಸಲಿಲ್ಲ. ರೊಟ್ಟಿ ಮುರಿದು ಗಂಗಾಳದಲ್ಲಿ ಹಾಗೇ ಇಡುತ್ತಿದ್ದ. ಮುಂಜಾನೆಯ ಅಜಾನ್‌ಗಿಂತ ಎಷ್ಟೋ ಮೊದಲು ಎಚ್ಚರಾಗಿ, ಕಣ್ಣು ಬಿಟ್ಟುಕೊಂಡು ಗೋಡೆಯ ಕಡೆ ಹೊರಳಿ ಮಲಗಿರುತ್ತಿದ್ದ. ಏನಾಗಿದೆ ಎಂದು ಕೇಳಿದರೆ ಒಂದೇ ಮಾತು: "ಸಾಕಾಗೈತಿ."

"ಬ್ಯಾಸರಾಗೈತಿ ಆಪಾ," ಎನ್ನುತ್ತಿದ್ದಳು ರುಬಿಯಾ ಗಂಡನ ಅಕ್ಕನಿಗೆ. "ದುಡಿಯೋ ಮನಶ್ಯಾಂದು ಕೈ ಬಿದ್ದೈತಿ. ಮನಸಿಗೆ ಹತ್ತೂದಿಲ್ಲೇನು?"

ಜಮಾಲಬಿ ಹೂಂ ಎನ್ನುತ್ತಿದ್ದಳು. ಆದರೆ ಅವಳು ಇದನ್ನೆಲ್ಲ ಹಿಂದೊಮ್ಮೆ ನೋಡಿದ್ದಳು. ನಲವತ್ತು ವರ್ಷದ ಹಿಂದೆ ಇದೇ ಪಡಸಾಲೆಯಲ್ಲಿ, ಇದೇ ಗೋಡೆಗೆ ಮುಖ ಮಾಡಿ, ಅವಳ ತಂದೆ ದಾವೂದಸಾಬ ಮಲಗಿದ್ದ. ಅವನಿಗೂ ಲಕ್ವಾ ಹೊಡೆದಿತ್ತು. ಅವನೂ ಮಾತು ಬಿಟ್ಟ, ಊಟ ಬಿಟ್ಟ, ನಸುಕಿನಲ್ಲಿ ಎದ್ದು ಗೋಡೆ ನೋಡತೊಡಗಿದ. ನಾಲ್ಕನೇ ತಿಂಗಳು ಒಂದು ಮುಂಜಾನೆ ಊರ ಕೆರೆಯಲ್ಲಿ ಹೆಣವಾಗಿ ಸಿಕ್ಕ.

ಕಾಲು ಜಾರಿ ಬಿದ್ದ ಎಂದು ಊರಿಗೆ ಹೇಳಿದರು. ಆದರೆ ಜಾರಿ ಬಿದ್ದಿರಲಿಲ್ಲ. ಜಮಾಲಬಿಗೆ ಆಗ ಇಪ್ಪತ್ತೆರಡು ವರ್ಷ, ತಂದೆಯ ಆರೈಕೆಗೆಂದು ತವರಿಗೆ ಬಂದಿದ್ದಳು. ಹಿಂದಿನ ದಿನ ಸಂಜೆ ತಂದೆ ಅವಳ ತಲೆಯ ಮೇಲೆ ಎಡಗೈ ಇಟ್ಟು, "ಅಮ್ಮಾನ್ನ ನೋಡ್ಕೋ," ಎಂದಿದ್ದ. ಆ ಮಾತನ್ನು ಅವಳು ತಾಯಿಗೆ ಮಾತ್ರ ಹೇಳಿದ್ದಳು. ತಾಯಿ ಅವಳ ಬಾಯಿಗೆ ಕೈ ಅಡ್ಡ ಹಿಡಿದು, "ಇದು ಈ ಹೊಸ್ತಿಲಾ ದಾಟಬಾರ್ದು. ನಿನ್ನ ತಮ್ಮಗೂ ಗೊತ್ತಾಗಬಾರ್ದು," ಎಂದಿದ್ದಳು. ತಮ್ಮ ಆಗ ಹದಿನಾಲ್ಕು ವರ್ಷದ ಹುಡುಗ. ತಾಯಿ ತೀರಿಕೊಂಡೂ ಇಪ್ಪತ್ತು ವರ್ಷವಾಗಿತ್ತು. ಈಗ ಆ ಸಂಗತಿ ಬಲ್ಲವಳು ತಾನೊಬ್ಬಳೇ ಎಂದು ಜಮಾಲಬಿ ತಿಳಿದಿದ್ದಳು.

ಒಂದು ಗುರುವಾರ ಆಶಾ ಕಾರ್ಯಕರ್ತೆ ಮಹಾದೇವಕ್ಕ ಬಂದಳು. ಪಕ್ಕದ ಓಣಿಯವಳು, ಎಲ್ಲರ ಮನೆಯ ಸುಖದುಃಖ ಗೊತ್ತಿದ್ದವಳು. ಮಾಬುಸಾಬನ ಹೊರಸಿನ ಮೇಲೆ ಕುಳಿತು ಅದೂ ಇದೂ ಕೇಳಿದಳು. ಅವನು ತಿರುಗಿ ನೋಡಲಿಲ್ಲ. ಅವಳು ಎದ್ದು ಬಂದು ಮಗ್ಗದ ಹತ್ತಿರ ಜಮಾಲಬಿಯ ಪಕ್ಕ ಕುಳಿತಳು.

"ಅಕ್ಕಾರ, ಇದು ಬರೇ ಬ್ಯಾಸರಕಿ ಅಲ್ರಿ," ಎಂದಳು ದನಿ ತಗ್ಗಿಸಿ. "ಇದಕ್ಕ ಖಿನ್ನತೆ ಅಂತಾರ. ಲಕ್ವಾ ಹೊಡದವರೊಳಗ ಮೂರು ಮಂದ್ಯಾಗ ಒಬ್ಬರಿಗೆ ಬರ್ತೈತಿ ಅಂತ ನಮಗ ತರಬೇತಿ ಒಳಗ ಹೇಳ್ಯಾರ. ಎರಡು ವಾರಕ್ಕಿಂತ ಹೆಚ್ಚು ಹಿಂಗ ಇದ್ರ ಡಾಕ್ಟರಿಗೆ ತೋರಸಾಕಬೇಕು."

"ಕೈಗೆ ಶಕ್ತಿ ಬಂದ್ರ ಮನಸ್ಸು ತಾನ ಸರಿ ಆಗ್ತೈತಿ ಮಾದೇವಕ್ಕಾ."

"ಮನಸ್ಸ ಬಿದ್ದು ಮಲಗಿದ್ರ ವ್ಯಾಯಾಮ ಯಾರ್ ಮಾಡ್ತಾರ್ರಿ? ವ್ಯಾಯಾಮ ಬಿಟ್ರ ಕೈ ಹೆಂಗ ಏಳತೈತಿ? ನಾಳೆ ಬಿಪಿ ಗುಳಗಿನೂ ಬಿಡ್ತಾರ. ಆಮ್ಯಾಲೆ ಇನ್ನೊಂದ ಸಲ ಹೊಡದ್ರ ಏನ್ ಮಾಡ್ತೀರಿ?"

ಜಮಾಲಬಿ ನೂಲು ಬಡಿದು ಕೂಡಿಸುವ ಪಂಜಾ ಹಿಡಿದು ಮಗ್ಗಕ್ಕೆ ಎರಡು ಸಲ ಜೋರಾಗಿ ಬಡಿದಳು.

"ಇನ್ನೊಂದು ಕೇಳ್ತೇನ್ರಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನಿತನದಾಗ ಹಿಂದ ಯಾರಿಗಾದ್ರೂ ಹಿಂಗ ಆಗಿತ್ತೇನು? ಮನಸ್ಸಿನ ಬ್ಯಾನಿ ಇದ್ದವರು, ಜೀವಾ ಕಳಕೊಂಡವರು? ಇದು ಸ್ವಲ್ಪ ವಂಶದಾಗೂ ಬರ್ತೈತಿ. ಡಾಕ್ಟರಿಗೆ ಹೇಳಿದ್ರ ಅನುಕೂಲ ಆಕ್ಕೈತಿ."

ಪಂಜಾ ಹಿಡಿದ ಕೈ ಅಲ್ಲೇ ನಿಂತಿತು.

"ಯಾರಿಗೂ ಇಲ್ಲ," ಎಂದಳು ಜಮಾಲಬಿ. "ನಮ್ಮ ಮನಿತನದಾಗ ಅಂಥಾದ್ದು ಯಾರಿಗೂ ಇಲ್ಲ."

ಮಹಾದೇವಕ್ಕ ಹೋದ ಮೇಲೆ ಅವಳಿಗೆ ಒಂದು ಎಳೆಯನ್ನೂ ಹೆಣೆಯಲು ಆಗಲಿಲ್ಲ. ಸುಳ್ಳು ಹೇಳಿದ್ದಕ್ಕೆ ಕಾರಣವಿತ್ತು. ಜಾಸ್ಮಿನ್‌ಳನ್ನು ಗುಡಗೇರಿಯ ಇಮಾಮುದ್ದೀನನ ಮಗ ದಾನೀಶನಿಗೆ ಕೊಡುವುದೆಂದು ಮಾತಾಗಿತ್ತು. ನಿಕಾಹ್ ತಾರೀಖು ಗೊತ್ತುಮಾಡುವುದೊಂದೇ ಉಳಿದಿತ್ತು. ಹುಡುಗಿಯ ಅಜ್ಜ ಕೆರೆ ಬಿದ್ದವನು, ಅಪ್ಪನ ಮನಸ್ಸೂ ಕೆಟ್ಟಿದೆ ಎಂದು ಗೊತ್ತಾದರೆ ಯಾರು ತಾನೇ ಮಾಡಿಕೊಂಡಾರು?

ಅದಕ್ಕಿಂತ ದೊಡ್ಡ ಅಂಜಿಕೆ ಇನ್ನೊಂದಿತ್ತು. ವಂಶದಲ್ಲಿ ಬರುತ್ತದೆ ಎಂದರೆ ರಕ್ತದಲ್ಲೇ ಇದೆ ಎಂದಾಯಿತು. ರಕ್ತದಲ್ಲಿ ಇರುವುದಕ್ಕೆ ಗುಳಿಗೆ ಏನು ಮಾಡೀತು? ಮೊದಲು ಅಬ್ಬಾ. ಈಗ ಮಾಬು. ಮುಂದೆ? ಅಂಗಳದಲ್ಲಿ ತಲೆ ಬಾಚಿಕೊಳ್ಳುತ್ತಿದ್ದ ಜಾಸ್ಮಿನ್‌ಳನ್ನು ನೋಡಿದಳು. ತನ್ನ ಕೈಗಳನ್ನೇ ತಿರುಗಿಸಿ ನೋಡಿಕೊಂಡಳು. ಅದೇ ರಕ್ತ ಇಲ್ಲೂ ಹರಿಯುತ್ತಿತ್ತು.

ಆ ದಿನದಿಂದ ಅವಳು ತಮ್ಮನ ಕೈಗೆ ಸಿಗಬಾರದ್ದನ್ನೆಲ್ಲ ಒಂದೊಂದಾಗಿ ಟ್ರಂಕಿನಲ್ಲಿ ಹಾಕಿ ಬೀಗ ಜಡಿದಳು. ಅವನು ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತು, ನೀರಿನ ಸಪ್ಪಳ ಕೇಳುವತನಕ ಉಸಿರು ಬಿಗಿಹಿಡಿಯುತ್ತಿದ್ದಳು. ರುಬಿಯಾ, "ಯಾಕ ಆಪಾ?" ಎಂದರೆ, "ಕಾಲು ಜಾರಿದ್ರ?" ಎನ್ನುತ್ತಿದ್ದಳು.

ಭಾನುವಾರ ಮಧ್ಯಾಹ್ನ ಮಾಬುಸಾಬ ತಾನಾಗಿ ಕರೆದ.

"ಆಪಾ."

ಅವನಾಗಿ ಮಾತಾಡಿ ಎಷ್ಟೋ ದಿನವಾಗಿತ್ತು. ಜಮಾಲಬಿ ಮಗ್ಗ ಬಿಟ್ಟು ಓಡಿ ಬಂದಳು. "ಏನೋ? ನೀರ ಬೇಕೇನು?"

"ಅಬ್ಬಾ ಜಾರಿ ಬಿದ್ದಿದ್ದಿಲ್ಲ. ಹೌದಿಲ್ಲೋ?"

ಅವಳು ಸರಕ್ಕನೆ ಬಾಗಿಲ ಕಡೆ ನೋಡಿದಳು. "ಏನ್ ಮಾತಾಡ್ತೀಯೋ! ಜಾರಿನ ಬಿದ್ದಿದ್ದ. ಪಾವಟಿಗಿಗೆ ಪಾಚಿಗಟ್ಟಿತ್ತು."

"ಆವಾಗ ಅಬ್ಬಾಗ ಎಷ್ಟು ವಯಸ್ಸಾಗಿತ್ತು?"

"ಐವತ್ನಾಕು," ಎಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಮಾಬುಸಾಬ ಗೋಡೆಯ ಕಡೆ ಹೊರಳಿದ.

ಮರುದಿನ ಸೋಮವಾರ. ರುಬಿಯಾ ರೇಷನ್ ತರಲು ಹೋಗಿದ್ದಳು. ಜಾಸ್ಮಿನ್ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದಳು. ಬಣ್ಣ ಹಾಕಿದ ನೂಲನ್ನು ಒಣಹಾಕಲು ಜಮಾಲಬಿ ಹಿತ್ತಲಿಗೆ ಹೋದಳು. ಹೆಚ್ಚು ಹೊತ್ತೇನೂ ಆಗಿರಲಿಲ್ಲ. ಒಳಗೆ ಬಂದು ನೋಡಿದರೆ ಹೊರಸು ಬರಿದಾಗಿತ್ತು. ಕೋಲು ಇರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಇರಲಿಲ್ಲ. ಹೊರಸಿನ ಪಕ್ಕ ನೀರಿನ ಲೋಟ, ಅದರ ಮುಂದೆ ಮುಂಜಾನೆ ನುಂಗಬೇಕಾಗಿದ್ದ ಗುಳಿಗೆಗಳು ಹಾಗೇ ಇದ್ದವು.

"ಮಾಬೂ!"

ಬಚ್ಚಲು ನೋಡಿದಳು. ಅಡುಗೆಮನೆ ನೋಡಿದಳು. ಆಮೇಲೆ ಬರಿಗಾಲಲ್ಲೇ ಓಣಿಗೆ ಇಳಿದು ಓಡಿದಳು. ಎಲ್ಲಿಗೆ ಎಂದು ಯೋಚಿಸಲಿಲ್ಲ. ನಲವತ್ತು ವರ್ಷ ತಪ್ಪಿಸಿಕೊಂಡು ಓಡಾಡಿದ ಕೆರೆಯ ದಾರಿಯನ್ನು ಕಾಲುಗಳೇ ಹಿಡಿದವು. ಬಿಸಿಲಿಗೆ ಡಾಂಬರು ಸುಡುತ್ತಿತ್ತು. ತಲೆಯ ಮೇಲಿನ ಸೆರಗು ಎಲ್ಲೋ ಜಾರಿತ್ತು. ಎದುರಿಗೆ ಬಂದವರು ಏನು ಕೇಳಿದರೋ ಕಿವಿಗೆ ಬೀಳಲಿಲ್ಲ.

ದಂಡೆಯ ಮೇಲೆ ಇಬ್ಬರು ಹೆಂಗಸರು ನಿಂತಿದ್ದರು.

"ಇಲ್ಲಿ ಯಾರಾದ್ರೂ ಬಂದ್ರೇನ್ರವ್ವಾ? ಕೋಲು ಹಿಡಕೊಂಡು, ಕಾಲು ಎಳಕೊಂತ?"

"ನಾವು ಈಗ ಬಂದೇವ್ರಿ. ನೋಡಿಲ್ಲ."

ಜಮಾಲಬಿ ನೀರನ್ನೇ ನೋಡುತ್ತ ನಿಂತಳು. ನೀರು ಅಲುಗಾಡುತ್ತಿರಲಿಲ್ಲ. ಗಾಳಿಗೆ ಒಂದು ಕಡೆ ಸ್ವಲ್ಪ ತೆರೆ ಎದ್ದರೆ ಅಲ್ಲಿಗೆ ಓಡುತ್ತಿದ್ದಳು. ಇನ್ನೊಂದು ಕಡೆ ಎದ್ದರೆ ಅಲ್ಲಿಗೆ ಬರುತ್ತಿದ್ದಳು.

ಆಗ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಮೊಬೈಲ್ ಬಡಿದುಕೊಂಡಿತು. ಮಹಾದೇವಕ್ಕ.

"ಅಕ್ಕಾರ, ಅಂಜಬ್ಯಾಡ್ರಿ. ಮಾಬು ಅಣ್ಣ ಇಲ್ಲೇ ಅದಾನ, ಅವನ ಅಂಗಡಿ ಮುಂದ. ನಾ ಬಾಜೂಕ ಕುಂತೇನಿ. ನೀವು ಸಾವಕಾಶ ಬರ್ರಿ."

ಜಮಾಲಬಿ ದಂಡೆ ಇಳಿದು ಅಂಗಡಿಯ ಕಡೆ ಓಡಿದಳು.

ಅಂಗಡಿಯ ಕಟ್ಟೆಯ ಮೇಲೆ ಮಾಬುಸಾಬ ಕುಳಿತಿದ್ದ. ಶಟರ್ ಒಂದು ಗೇಣು ಮೇಲೆ ಎದ್ದು, ಸೊಟ್ಟಗೆ ಸಿಕ್ಕಿಕೊಂಡಿತ್ತು. ಎಡಗೈಯೊಂದರಿಂದಲೇ ಎತ್ತಲು ಹೋಗಿ ಬೆರಳ ಗೆಣ್ಣುಗಳು ತರಚಿದ್ದವು. ಬಸ್ ನಿಲ್ದಾಣದಿಂದ ಮನೆಗೆ ಹೊರಟಿದ್ದ ಮಹಾದೇವಕ್ಕ ಅವನನ್ನು ಕಂಡು ಅಲ್ಲೇ ಕುಳಿತಿದ್ದಳು.

"ಎಲ್ಲಿಗೆ ಹೊಂಟಿದ್ಯೋ?" ಜಮಾಲಬಿ ಅವನ ಭುಜ ಹಿಡಿದು ಅಲುಗಿಸಿದಳು. "ಎಲ್ಲಿಗೆ ಹೊಂಟಿದ್ದಿ, ಹೇಳು!"

"ನನಗೂ ಗೊತ್ತಿಲ್ಲ ಆಪಾ. ಮನಿ ಬಿಟ್ಟು ಹೊಂಟೆ. ಇಲ್ಲಿಗೆ ಬಂದ ಮ್ಯಾಲೆ ಕಾಲು ನಿಂತ್ವು."

ಮಹಾದೇವಕ್ಕ ಅವನ ಮುಖಕ್ಕೆ ಮುಖ ಕೊಟ್ಟು ಕೇಳಿದಳು: "ಅಣ್ಣಾ, ಸೀದಾ ಕೇಳ್ತೇನಿ. ಜೀವಾನ ಬ್ಯಾಡ ಅನ್ನಿಸೇತೇನು ನಿನಗ?"

"ಮಾದೇವಕ್ಕಾ!" ಜಮಾಲಬಿ ಚೀರಿದಳು. "ಹಂಗ ಕೇಳ್ತಾರೇನು? ಇಲ್ಲದ ವಿಚಾರ ತಲ್ಯಾಗ ಹಾಕ್ತೀಯೇನು?"

"ಕೇಳಿದ್ರ ಆ ವಿಚಾರ ಬರಂಗಿಲ್ರಿ ಅಕ್ಕಾರ. ಬಂದಿದ್ರ ಹೇಳಾಕ ದಾರಿ ಆಕ್ಕೈತಿ."

ಮಾಬುಸಾಬ ತರಚಿದ ಬೆರಳನ್ನು ಅಂಗಿಗೆ ಒರೆಸಿಕೊಂಡ. ಆಮೇಲೆ, "ದಿನಾ ಅನ್ನಸತೈತಿ," ಎಂದ. ಎರಡು ತಿಂಗಳಲ್ಲಿ ಮೊದಲ ಸಲ ಅತ್ತ. ಬಸ್ಸಿಗೆ ಹೋಗುವ ಮಂದಿ ನೋಡುತ್ತಿದ್ದರೂ ಸಣ್ಣ ಮಗುವಿನ ಹಾಗೆ ಬಾಯಿ ತೆರೆದು ಅತ್ತ.

ಮಹಾದೇವಕ್ಕ ತನ್ನ ಫೋನಿನಿಂದ 14416ಕ್ಕೆ ಕರೆ ಹಚ್ಚಿದಳು. ಮಾನಸಿಕ ಆರೋಗ್ಯಕ್ಕೆಂದೇ ಸರಕಾರ ಇಟ್ಟಿರುವ ಪುಕ್ಕಟೆ ನಂಬರು ಅದು. ಕನ್ನಡದಲ್ಲೇ ಮಾತಾಡಿದ ಒಬ್ಬ ಹೆಣ್ಣುಮಗಳು ಮಾಬುಸಾಬನ ತೊದಲು ಮಾತನ್ನು ಅವಸರ ಮಾಡದೆ ಕೇಳಿದಳು. ಮನೆಯವರಿಗೆ ಎರಡು ಮಾತು ಹೇಳಿದಳು. ಇವರನ್ನು ಒಬ್ಬರನ್ನೇ ಬಿಡಬೇಡಿರಿ, ನಾಳೆಯೇ ಮನೋವೈದ್ಯರಿಗೆ ತೋರಿಸಿರಿ. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆಂಬುದು ಮಹಾದೇವಕ್ಕನಿಗೆ ಗೊತ್ತಿತ್ತು.

ಮರುದಿನ ಮನೆಯ ನಾಲ್ವರೂ ಹೋದರು. ಮಹಾದೇವಕ್ಕ ಮುಂದೆ ನಿಂತು ಚೀಟಿ ಮಾಡಿಸಿದಳು. ಸಾಲಿನಲ್ಲಿ ಗುರುತಿನವರು ಕಂಡರೆ ಎಂದು ಜಮಾಲಬಿ ಸೆರಗನ್ನು ಮೂಗಿನತನಕ ಎಳೆದುಕೊಂಡಿದ್ದಳು. ಒಳಗಿದ್ದ ವೈದ್ಯೆ ಸಣ್ಣ ವಯಸ್ಸಿನವಳು, ಧಾರವಾಡ ಕಡೆಯ ಮಾತು. ಮನೆಯವರು ಇದ್ದರೆ ನಡೆಯುತ್ತದೆಯೇ ಎಂದು ಮೊದಲು ಮಾಬುಸಾಬನನ್ನೇ ಕೇಳಿದಳು. ಅವನು ತಲೆಯಾಡಿಸಿದ. ನಿದ್ದೆ, ಊಟ, ಗುಳಿಗೆ, ಮನಸ್ಸಿಗೆ ಬರುವ ವಿಚಾರ, ಎಲ್ಲ ಕೇಳಿ ಬರೆದುಕೊಂಡಳು. ಆಮೇಲೆ ಆ ಪ್ರಶ್ನೆ ಬಂತು.

"ಮನೆತನದಾಗ ಯಾರಿಗಾದ್ರೂ ಹಿಂದ ಖಿನ್ನತೆ ಇತ್ತೇನ್ರಿ? ಯಾರಾದ್ರೂ ಜೀವ ಕಳಕೊಂಡಾರೇನು?"

"ಇಲ್ರಿ," ಎಂದಳು ರುಬಿಯಾ. ಅವಳಿಗೆ ಗೊತ್ತಿರಲಿಲ್ಲ.

ವೈದ್ಯೆಯ ಪೆನ್ನು ಕಾಗದದ ಮೇಲೆ ಹೋಯಿತು. "ಇಲ್ಲ" ಎಂದು ಬರೆಯುತ್ತಿದ್ದಾಳೆ ಎಂದು ಜಮಾಲಬಿಗೆ ಅನ್ನಿಸಿತು. ಜಾಸ್ಮಿನ್ ಪಕ್ಕದಲ್ಲೇ ಕುಳಿತಿದ್ದಳು. ಹೇಳಿದರೆ ಈ ಹುಡುಗಿಯ ನಿಕಾಹ್. ಹೇಳದಿದ್ದರೆ ಮತ್ತೆ ಆ ಕೆರೆ, ಆ ಅಲುಗಾಡದ ನೀರು.

"ಐತ್ರಿ," ಎಂದಳು. "ಬರಕೋಬ್ಯಾಡ್ರಿ ಇಲ್ಲಾ ಅಂತ. ನಮ್ಮ ಅಬ್ಬಾಗ ಲಕ್ವಾ ಹೊಡದಿತ್ತು. ಹಿಂಗ ಗ್ವಾಡಿ ನೋಡ್ಕೊಂತ ಮಲಗಿದ್ದ. ಆಮ್ಯಾಲೆ ಕೆರಿಗೆ ಬಿದ್ದ. ಜಾರಿ ಅಲ್ರಿ. ತಾನ ಬಿದ್ದ."

ರುಬಿಯಾ ಅವಳ ಕಡೆ ತಿರುಗಿದಳು. ಜಾಸ್ಮಿನ್ ತಿರುಗಿದಳು. ಮಾಬುಸಾಬ ಮಾತ್ರ ಅಲುಗಲಿಲ್ಲ.

"ನನಗ ಗೊತ್ತಿತ್ತು," ಎಂದ. "ಆ ದಿನ ನಾನೂ ಎಚ್ಚರಿದ್ದೆ ಆಪಾ. ಅಬ್ಬಾ ಹೊರಗ ಹೋಗೂದ ನೋಡಿದ್ದೆ. ಬಹಿರ್ದೆಸಿಗೆ ಹೊಂಟಾನ ಅಂತ ಸುಮ್ನ ಮಲಗಿದೆ. ನಲವತ್ತು ವರ್ಷ ಆತು. ಲಕ್ವಾ ಹೊಡದ ದಿನದಿಂದ ಒಂದ ವಿಚಾರ. ಅಬ್ಬಾನ ವಯಸ್ಸಿಗೆ ಅಬ್ಬಾನ ಬ್ಯಾನಿ ಬಂತು. ಅಬ್ಬಾನ ಹಾದಿನ ನಂದೂ."

ಜಮಾಲಬಿ ತಮ್ಮನ ಬಿದ್ದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದನ್ನು ಅವನೂ ಅಷ್ಟೇ ವರ್ಷ ಹೊತ್ತಿದ್ದ.

ವೈದ್ಯೆ ಪೆನ್ನು ಕೆಳಗಿಟ್ಟಳು. "ಹೇಳಿದ್ದು ಭಾಳ ಚಲೋ ಆತ್ರಿ ಅಮ್ಮಾ. ಈಗ ನಾ ಹೇಳೂದು ಕೇಳ್ರಿ. ಲಕ್ವಾ ಅಂದ್ರ ಮಿದುಳಿಗೆ ಆದ ಗಾಯ. ಮನಸ್ಸು ಹಿಡಿತದಾಗ ಇಡೂದೂ ಆ ಮಿದುಳ ಅಲ್ಲೇನ್ರಿ? ಅದಕ್ಕ ಲಕ್ವಾ ಆದವರಿಗೆ ಖಿನ್ನತೆ ಬರೂದು ಹೆಚ್ಚು. ಕೈ ಬಿತ್ತು, ಕೆಲಸ ನಿಂತು ಹೋತು ಅನ್ನೋ ದುಃಖನೂ ಅದಕ್ಕ ಕೂಡತೈತಿ. ಮೂರನೇದ್ದು ಹುಟ್ಟಿನಿಂದ ಬಂದಿದ್ದು. ತಂದಿ ತಾಯಿಂದ ನಮಗ ಮುಖದ ಚಹರಾ ಬರ್ತೈತಿ. ಹಂಗ ಬಿಪಿ, ಸಕ್ಕರಿ ಬ್ಯಾನಿ ಬರೋ ಗುಣಾನೂ ಬರ್ತೈತಿ. ಖಿನ್ನತೆ ಬರೋ ಗುಣಾನೂ ಸ್ವಲ್ಪ ಬರಬಹುದು. ಅದಕ್ಕ ವಂಶವಾಹಿ ಅಂತಾರ. ಒಂದೆರಡಲ್ಲ, ಭಾಳಷ್ಟು ವಂಶವಾಹಿ ಸೇರಿ ಸಣ್ಣ ಸಣ್ಣ ಪರಿಣಾಮ ಮಾಡ್ತಾವ. ಅದರ ಬಗ್ಗೆ ಇನ್ನೂ ಸಂಶೋಧನಾ ನಡದೈತಿ."

"ಹಂಗಾರ ರಕ್ತದಾಗ ಐತಿ ಅಂದಂಗಾತಲ್ರಿ," ಎಂದಳು ಜಮಾಲಬಿ. "ರಕ್ತದಾಗಿದ್ದದ್ದನ್ನ ಗುಳಗಿ ಹೆಂಗ ತಗೀತೈತಿ?"

"ತಗ್ಯಾಕ ಬರಂಗಿಲ್ಲ. ಆದ್ರ ಬ್ಯಾನಿಗೆ ಔಷಧ ಮಾಡಾಕ ಬರ್ತೈತಿ. ಬಿಪಿ ನಿಮ್ಮ ತಂದಿಯಿಂದ ಬಂದಿದ್ರೂ ಗುಳಗಿಗೆ ಇಳೀತೈತಿ. ಇಳಿಯಂಗಿಲ್ಲೇನು? ಇದೂ ಹಂಗ. ಮನೆತನದಾಗ ಇದ್ದವರಿಗೆಲ್ಲಾ ಬರ್ತೈತಿ ಅಂತನೂ ಇಲ್ಲ, ಇಲ್ಲದವರಿಗೆ ಬರಂಗಿಲ್ಲ ಅಂತನೂ ಇಲ್ಲ. ಒಂದ್ ಕೇಳ್ತೇನಿ, ನಿಮ್ಮ ತಂದಿಗೆ ಆವಾಗ ಯಾವ ಔಷಧ ಕೊಟ್ಟಿದ್ರಿ?"

ಜಮಾಲಬಿ ಇಲ್ಲವೆಂದು ತಲೆಯಾಡಿಸಿದಳು. "ಯಾವುದೂ ಕೊಟ್ಟಿದ್ದಿಲ್ರಿ. ಹಿಂಗೊಂದು ಬ್ಯಾನಿ ಐತಿ ಅಂತ ನಮಗ ಯಾರೂ ಹೇಳಿದ್ದಿಲ್ಲ."

"ಇವರಿಗೆ ಕೊಡಾಕತ್ತೇವಿ," ಎಂದಳು ವೈದ್ಯೆ. ಮಾಬುಸಾಬನ ಕಡೆ ತಿರುಗಿದಳು. "ಅಣ್ಣಾರ, ನಿಮ್ಮ ತಂದಿಗೆ ಸಿಗದ್ದು ನಿಮಗ ಸಿಗತೈತಿ. ಗುಳಗಿ ಗುಣಾ ತೋರಸಾಕ ಮೂರು ನಾಕು ವಾರ ಬೇಕು. ಅಲ್ಲೀತನಕ ಏನೂ ಫರಕಿಲ್ಲ ಅಂತ ಬಿಟ್ಟುಬಿಡಬ್ಯಾಡ್ರಿ. ಆರಾಮ ಆದ ಮ್ಯಾಲೂ ನನ್ನ ಕೇಳದ ನಿಲ್ಲಸಬ್ಯಾಡ್ರಿ. ಮನೆತನದಾಗ ಹಿಂಗ ಆಗಿದ್ದು ಗೊತ್ತಾತಲ್ಲ, ಅದಕ್ಕ ನಿಮ್ಮನ್ನ ನಾ ತಿಂಗಳಿಗೊಮ್ಮೆ ಅಲ್ಲ, ವಾರ ವಾರ ನೋಡ್ತೇನಿ. ನಿಮ್ಮ ಅಕ್ಕಾರು ಹೇಳದಿದ್ರ ಅಷ್ಟು ಎಚ್ಚರಕಿ ನಾ ಮಾಡ್ತಿದ್ದಿಲ್ಲ."

ಜಾಸ್ಮಿನ್ ಮೆಲ್ಲಗೆ ಕೇಳಿದಳು: "ಡಾಕ್ಟ್ರ, ನನಗೂ ಐತೇನು ಅಂತ ರಕ್ತ ತಪಾಸಣಿ ಮಾಡಿ ಹೇಳಬಹುದೇನ್ರಿ?"

"ಹಂಗ ಹೇಳೋ ತಪಾಸಣಿ ಯಾವುದೂ ಇಲ್ಲವಾ. ಯಾರಾದ್ರೂ ಮಾಡ್ತೇನಿ ಅಂದ್ರ ನಂಬಬ್ಯಾಡ. ನಿನ್ನ ಮನಸ್ಸು ಎರಡು ವಾರ ಕುಗ್ಗಿದ್ರ ಮುಚ್ಚಿಡದ ಬಂದು ಹೇಳು, ಅಷ್ಟ. ಬಿಪಿ ಮಾತ್ರ ಎಲ್ಲಾರೂ ತೋರಸಬೇಕು. ಅಮ್ಮಾ, ನಿಮ್ಮ ಬಿಪಿ ಯಾವಾಗ ನೋಡಿಸೀರಿ?"

ಜಮಾಲಬಿ ಒಂದು ದಿನವೂ ನೋಡಿಸಿರಲಿಲ್ಲ. ಅಲ್ಲೇ ತೋಳಿಗೆ ಪಟ್ಟಿ ಕಟ್ಟಿದರು. ನೂರಾ ಎಂಬತ್ತರ ಮೇಲಿತ್ತು. ಲಕ್ವಾ ಆಕೆಯ ಬಾಗಿಲಿಗೂ ಬಂದು ನಿಂತಿತ್ತು, ಆಕೆಗೆ ಗೊತ್ತಿರಲಿಲ್ಲ. ಆ ದಿನ ಅಕ್ಕ ತಮ್ಮ ಇಬ್ಬರೂ ಗುಳಿಗೆಯ ಚೀಟಿ ಹಿಡಿದು ಮನೆಗೆ ಬಂದರು.

ಮೊದಲ ಎರಡು ವಾರ ಬಹಳ ಕಷ್ಟವಾಯಿತು. ಮಾಬುಸಾಬನಿಗೆ ಹೊಟ್ಟೆ ತೊಳಸಿದಂತಾಗುತ್ತಿತ್ತು. "ಏನೂ ಉಪಯೋಗಿಲ್ಲ, ಒಗೀರಿ ಅದನ್ನ," ಎಂದ. ರುಬಿಯಾ, ಜಾಸ್ಮಿನ್, ಜಮಾಲಬಿ ಸರದಿಯ ಮೇಲೆ ಅವನ ಹತ್ತಿರ ಇದ್ದರು. ಮಹಾದೇವಕ್ಕ ದಿನ ಬಿಟ್ಟು ದಿನ ಬಂದು ಗುಳಿಗೆಯ ಪಟ್ಟಿ ನೋಡಿ ಹೋಗುತ್ತಿದ್ದಳು. ಅವನು ಕೆಮ್ಮಿದರೂ ಜಮಾಲಬಿ ಬೆಚ್ಚಿ ಏಳುತ್ತಿದ್ದಳು.

ಅದರ ನಡುವೆಯೇ ಇಮಾಮುದ್ದೀನ ಬೀಗನನ್ನು ನೋಡಲು ಗುಡಗೇರಿಯಿಂದ ಬಂದ. ಹಿಂದಿನ ದಿನವೇ ಜಾಸ್ಮಿನ್ ಸೋದರತ್ತೆಗೆ ಹೇಳಿಬಿಟ್ಟಿದ್ದಳು: "ಮುಚ್ಚಿಟ್ಟು ನಾ ನಿಕಾಹ್ ಆಗಂಗಿಲ್ಲ ಫುಪ್ಪು. ನೀವು ಹೇಳದಿದ್ರ ನಾ ಹೇಳ್ತೇನಿ." ಮಾಬುಸಾಬನೂ, "ಹೇಳ್ರಿ," ಎಂದಿದ್ದ. ಜಮಾಲಬಿಯೇ ಹೇಳಿದಳು. ತಂದೆಯದು, ತಮ್ಮನದು, ಡಾಕ್ಟರ್ ಹೇಳಿದ್ದು, ಎಲ್ಲ. ಇಮಾಮುದ್ದೀನ ಅರ್ಧ ಕುಡಿದ ಚಾ ಕೆಳಗಿಟ್ಟ.

"ಮನ್ಯಾಗ ಕೇಳಿ ಹೇಳ್ತೇನ್ರಿ," ಎಂದು ಎದ್ದು ಹೋದ.

ಹನ್ನೊಂದು ದಿನ ಸುದ್ದಿ ಇಲ್ಲ. ಫೋನ್ ಬಡಿದರೆ ಜಮಾಲಬಿ ಗುಡಗೇರಿಯದೇ ಎಂದು ಮೊದಲು ನೋಡುತ್ತಿದ್ದಳು. ತನ್ನ ಬಾಯಿಯಿಂದಲೇ ಹುಡುಗಿಯ ಬಾಳು ಹಾಳಾಯಿತೇ ಎಂದು ಮಗ್ಗದ ಹಿಂದೆ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಹನ್ನೆರಡನೇ ದಿನ ಇಮಾಮುದ್ದೀನ ತಾನೇ ಬಂದ. ಮುಖ ಬಾಡಿತ್ತು. ನೀರು ಕೊಟ್ಟರೂ ಕುಡಿಯಲಿಲ್ಲ.

"ಆಪಾ, ಆ ಡಾಕ್ಟರ್ ಯಾವ ದಿನ ಬರ್ತಾರ?"

"ಯಾಕ್ರಿ?"

"ನಮ್ಮ ಅಣ್ಣಗ ಹ್ವಾದ ವರ್ಷ ಲಕ್ವಾ ಹೊಡದೈತಿ. ಅಂವನೂ ಮಾತಾಡಂಗಿಲ್ಲ, ಉಣ್ಣಂಗಿಲ್ಲ. ಹಠಾ ಮಾಡ್ತಾನ ಅಂತ ನಾವು ಬೈಕೊಂತ ಕುಂತೇವಿ. ನೀವು ಹೇಳಿದ್ದು ಕೇಳಿದ ಮ್ಯಾಲೆ ನನಗ ನಿದ್ದಿ ಬಂದಿಲ್ಲ. ನಮ್ಮ ಮನ್ಯಾಕಿಗೆ ಇನ್ನೂ ಅಂಜಿಕಿ ಐತಿ, ಸುಳ್ಳ ಯಾಕ ಹೇಳ್ಲಿ. ಆಕಿನೂ ಬರ್ತಾಳ. ಡಾಕ್ಟರ್‌ನ ಕೇಳ್ಲಿ. ನಿಕಾಹ್ ಮುರಿಯೋ ಮಾತ ನಾ ಆಡಿಲ್ಲ, ದಾನೀಶನೂ ಆಡಿಲ್ಲ."

ಮುಂದಿನ ಮಂಗಳವಾರ ತಾಲೂಕು ಆಸ್ಪತ್ರೆಯ ಬೆಂಚಿನ ಮೇಲೆ ಎರಡೂ ಮನೆಯವರು ಕೂಡಿ ಕುಳಿತಿದ್ದರು. ಈ ಸಲ ಜಮಾಲಬಿ ಸೆರಗು ಮೂಗಿಗೆ ಎಳೆದುಕೊಳ್ಳಲಿಲ್ಲ.

ಐದನೇ ವಾರ ಒಬ್ಬ ರೈತ ಅಂಗಡಿ ಮುಚ್ಚಿದ್ದನ್ನು ಕಂಡು, ಮೋಟರನ್ನು ಮನೆಯ ಮುಂದೆಯೇ ತಂದು ಇಳಿಸಿದ. ಮಾಬುಸಾಬ ಹೊರಸಿನ ಮೇಲಿಂದಲೇ ಸುಟ್ಟ ವಾಸನೆ ಮೂಸಿ, "ಪೂರಾ ಸುಟ್ಟೈತಿ. ಬಿಚ್ಚಿ ಹೊಸಾ ತಂತಿ ಸುತ್ತಬೇಕು," ಎಂದ. ಜಾಸ್ಮಿನ್ ತಂತಿಯ ಉಂಡೆ ತಂದಳು. ಅವನು ಹೇಳಿದ, ಅವಳು ಸುತ್ತಿದಳು. ತಪ್ಪಿದಾಗ, "ಏ, ಅದಲ್ಲ ಬೇ, ಎಡಕ್ಕ!" ಎಂದು ಗದರಿದ. ಅಡುಗೆಮನೆಯಲ್ಲಿದ್ದ ರುಬಿಯಾ ಆ ಗದರಿಕೆ ಕೇಳಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತಳು. ಆ ಸಂಜೆ ಅವನು ಎರಡು ರೊಟ್ಟಿ ಉಂಡ.

ಪೂರಾ ಗುಣವಾಗಲು ಇನ್ನೂ ದಿನ ಬೇಕು. ಬಲಗೈ ಇನ್ನೂ ಅರ್ಧಕ್ಕೇ ಏಳುತ್ತದೆ. ಕೆಲವು ದಿನ ಮನಸ್ಸು ಮತ್ತೆ ಕೆಳಗೆ ಬೀಳುತ್ತದೆ. ಆದರೆ ಅಂಥ ದಿನ ಮಾಬುಸಾಬ ತಾನೇ ಹೇಳುತ್ತಾನೆ: "ಆಪಾ, ಇವತ್ತ ಸರಿ ಇಲ್ಲ. ಬಾಜೂಕ ಕುಂದ್ರು." ಜಮಾಲಬಿ ಮಗ್ಗ ಬಿಟ್ಟು ಬಂದು ಕೂರುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ಕೇಳುತ್ತಿರುವಾಗ ನಿಮಗೆ ನಿಮ್ಮ ಮನೆಯವರೋ ನೆರೆಯವರೋ ನೆನಪಾಗಿದ್ದರೆ ಆ ನೆನಪನ್ನು ಹಾಗೇ ಬಿಡಬೇಡಿರಿ. ಲಕ್ವಾ ಹೊಡೆದವರು ಎರಡು ವಾರಕ್ಕಿಂತ ಹೆಚ್ಚು ದಿನ ಮಾತು, ಊಟ, ನಿದ್ದೆ ಬಿಟ್ಟಿದ್ದರೆ, ವ್ಯಾಯಾಮ ಬೇಡ ಎನ್ನುತ್ತಿದ್ದರೆ, ಅದನ್ನು ಹಠ ಎಂದೋ ಸೋಮಾರಿತನ ಎಂದೋ ಬೈಯಬೇಡಿರಿ. ಅದು ಔಷಧವಿರುವ ಕಾಯಿಲೆ. ನಿಮ್ಮ ಆಶಾ ಕಾರ್ಯಕರ್ತೆಗೆ ಹೇಳಿರಿ, ತಾಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಹಗಲಿರಲಿ ರಾತ್ರಿಯಿರಲಿ, 14416ಕ್ಕೆ ಪುಕ್ಕಟೆ ಫೋನ್ ಮಾಡಿರಿ. ನಿಮ್ಮ ಮನೆತನದಲ್ಲಿ ಹಿಂದೆ ಯಾರಿಗಾದರೂ ಹೀಗಾಗಿದ್ದರೆ, ಎಷ್ಟೇ ಹಳೆಯದಾಗಿರಲಿ, ಡಾಕ್ಟರಿಗೆ ಹೇಳಿರಿ. ಅದರಿಂದ ಯಾರ ಮಾನವೂ ಹೋಗುವುದಿಲ್ಲ, ಒಂದು ಜೀವ ಉಳಿದೀತು. ನಿಮ್ಮ ಬಿಪಿಯನ್ನೂ ನೋಡಿಸಿಕೊಳ್ಳಿರಿ.

ಇವತ್ತು ಮನೆಗೆ ಹೋದ ಕೂಡಲೇ ಅವರ ಪಕ್ಕದಲ್ಲಿ ಕುಳಿತು, ಮನಸ್ಸು ಹೇಗಿದೆ ಎಂದು ಕೇಳಿರಿ. ಅವರು ಸುಮ್ಮನಿದ್ದರೂ ಎದ್ದು ಹೋಗಬೇಡಿರಿ.